ಮೀನು ತಿಂದರೆ ಹಾರ್ಟ್ ಅಟ್ಯಾಕ್ ಬರಲ್ವಾ? ಕೋಲಾರದ ಕೆರೆ ಏರಿ ಮೇಲಿನ ಒಂದು ವಾದ

2025ರ ಜೂನ್ ಕೊನೆಯಲ್ಲಿ ಹಾಸನದಿಂದ ಮೇಲಿಂದ ಮೇಲೆ ಹಾರ್ಟ್ ಅಟ್ಯಾಕ್ ಸುದ್ದಿ ಬರುತ್ತಿತ್ತು. ಟಿವಿ ಹಾಕಿದರೆ ಅದೇ, ಮೊಬೈಲ್ ತೆಗೆದರೆ ಅದೇ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯೇ ಜನ ಸಾಲು ನಿಂತಿದ್ದರು. ಕೋಲಾರ ತಾಲ್ಲೂಕಿನ ನಮ್ಮೂರಿನ ಟೀ ಅಂಗಡಿಯಲ್ಲೂ ಬೇರೆ ಮಾತಿಲ್ಲ. ಒಬ್ಬರು ಹೇಳಿದರು, "ನೋಡ್ರಪ್ಪ, ಕೆರೆ ಕೆಳಗಿನ ಬೀದೀಲಿ ಮೀನು ಹಿಡಿಯೋರಿಗೆ ಇದೆಲ್ಲ ಬರಲ್ಲ, ಅವರು ದಿನಾ ಮೀನು ತಿಂತಾರೆ." ಇನ್ನೊಬ್ಬರು ಬಿಡಲಿಲ್ಲ. "ಹಂಗಾದ್ರೆ ನಾವೇನು ಕೂತು ತಿಂತೀವಾ? ಹೊಲದಲ್ಲಿ ಬೆವರು ಸುರಿಸೋನಿಗೆ ಯಾವ ಹಾರ್ಟ್ ಅಟ್ಯಾಕು?"

ಈ ಎರಡೂ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಎರಡರಲ್ಲೂ ಸ್ವಲ್ಪ ನಿಜ ಇದೆ, ತೊಂದರೆ ಇರುವುದೂ ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ಜನ ಯಾವತ್ತೋ ಬಿಟ್ಟುಬಿಡುತ್ತಿದ್ದರು. ಅರ್ಧ ನಿಜವಾದ್ದರಿಂದ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಐವತ್ತು ದಾಟಿದರೂ ಒಮ್ಮೆಯೂ ಬಿಪಿ ನೋಡಿಸದೆ ಓಡಾಡುತ್ತಾರೆ. ಮೀನಿನವರೂ ಹಾಗೆ, ಹೊಲದವರೂ ಹಾಗೆ. ಅದಕ್ಕೇ ಈ ವಾದವನ್ನು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು. ಈ ಪ್ರಶ್ನೆ ನಮ್ಮ ಟೀ ಅಂಗಡಿಯಲ್ಲಿ ಹುಟ್ಟಿದ್ದೇನಲ್ಲ. ಅರವತ್ತು ಎಪ್ಪತ್ತು ವರ್ಷಗಳಿಂದ ದೊಡ್ಡ ದೊಡ್ಡ ವಿಜ್ಞಾನಿಗಳೇ ಇದರ ಹಿಂದೆ ಬಿದ್ದಿದ್ದಾರೆ.

ಅಮೆರಿಕದ ಆ್ಯನ್ಸೆಲ್ ಕೀಸ್ ಅನ್ನುವವರು 1958ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಏಳು ದೇಶ, 16 ಗುಂಪು, 40ರಿಂದ 59 ವರ್ಷದೊಳಗಿನ ಸುಮಾರು 12,700 ಗಂಡಸರು. ಅದರಲ್ಲಿ ಜಪಾನಿನ ಎರಡು ಊರುಗಳಿದ್ದವು, ಎರಡೂ ಕ್ಯೂಶು ಕಡೆಯವು. ಒಂದು ತನುಶಿಮಾರು, ಬೇಸಾಯದ ಊರು. ಇನ್ನೊಂದು ಉಶಿಬುಕ, ಮೀನುಗಾರರ ಊರು. ನಮ್ಮ ಟೀ ಅಂಗಡಿಯ ವಾದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ? ಒಂದೇ ದೇಶ, ಒಂದೇ ಭಾಷೆ, ಒಂದು ಕಡೆ ಗದ್ದೆ, ಇನ್ನೊಂದು ಕಡೆ ದೋಣಿ. ಆದರೆ ಫಲಿತಾಂಶ ಬಂದಾಗ ಒಬ್ಬರು ಗೆದ್ದು ಇನ್ನೊಬ್ಬರು ಸೋಲಲಿಲ್ಲ. ಅಮೆರಿಕ, ಫಿನ್ಲೆಂಡ್‌ಗಳ ಪಕ್ಕ ಇಟ್ಟು ನೋಡಿದರೆ ಎರಡೂ ಊರಿನಲ್ಲಿ ಹೃದಯಾಘಾತದ ಸಾವು ತುಂಬಾ ಕಡಿಮೆ. ಆಗ ಆ ಜನರ ಊಟದಲ್ಲಿ ಕೊಬ್ಬು ಕಡಿಮೆ, ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಮೈಗೆ ಕೆಲಸ ಜಾಸ್ತಿ. ಆದರೆ ಅದೇ ಕಾಲದ ಜಪಾನಿನಲ್ಲಿ ಲಕ್ವ, ಅಂದರೆ ಸ್ಟ್ರೋಕ್, ಜನರನ್ನು ಜಾಸ್ತಿ ಕೊಲ್ಲುತ್ತಿತ್ತು. ದೊಡ್ಡ ಕಾರಣ ಉಪ್ಪು ಮತ್ತು ಬಿಪಿ. ಉಪ್ಪಿನಕಾಯಿ, ಸೋಯಾ ಸಾಸು, ಉಪ್ಪು ಹಾಕಿದ ಮೀನು ದಿನಾ ಊಟದಲ್ಲಿ ಇರುತ್ತಿದ್ದವು. ಹೃದಯ ಉಳಿದರೂ ಮಿದುಳಿನ ರಕ್ತನಾಳ ಒಡೆಯುತ್ತಿತ್ತು. ಈ ಉಪ್ಪಿನ ವಿಷಯವನ್ನು ನೆನಪಲ್ಲಿಟ್ಟುಕೊಳ್ಳಿ, ನಮ್ಮ ಕೆರೆ ಏರಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಇನ್ನು ಹೊಲದಲ್ಲಿ ದುಡಿದರೆ ಸಾಕು ಅನ್ನುವ ಮಾತು. ಅದೇ ಅಧ್ಯಯನದಲ್ಲಿ ಹೃದಯದ ಕಾಯಿಲೆಯಿಂದ ಅತಿ ಹೆಚ್ಚು ಸತ್ತವರು ಯಾರು ಗೊತ್ತಾ? ಪೂರ್ವ ಫಿನ್ಲೆಂಡಿನವರು. ರೈತರು, ಮರ ಕಡಿಯುವವರು. ಮೈಮುರಿದು ದುಡಿಯುವ ಗಟ್ಟಿ ಆಳುಗಳು. ಅವರ ಊಟದಲ್ಲಿ ಬೆಣ್ಣೆ, ಕೆನೆ ಹಾಲು, ಉಪ್ಪು ಧಾರಾಳ, ತರಕಾರಿ ಅಪರೂಪ, ಗಂಡಸರು ಸಿಗರೇಟು ಸೇದುತ್ತಿದ್ದರು. ಅದೇ ಅಧ್ಯಯನದ ಇನ್ನೊಂದು ತುದಿಯಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಹಳ್ಳಿಯವರು. ಅವರಲ್ಲೂ ಬಹಳಷ್ಟು ಜನ ರೈತರೇ, ಅವರೂ ಬೆವರು ಸುರಿಸುವವರೇ, ಆದರೆ ಊಟ ಮಾತ್ರ ಆಲಿವ್ ಎಣ್ಣೆ, ಕಾಳು, ಸೊಪ್ಪು, ಹಣ್ಣು. ಅವರಲ್ಲಿ ಹೃದಯಾಘಾತದ ಸಾವು ಅತಿ ಕಡಿಮೆ. ಇಬ್ಬರೂ ರೈತರು. ಒಬ್ಬರು ಪಟ್ಟಿಯ ತಲೆಯಲ್ಲಿ, ಒಬ್ಬರು ಬಾಲದಲ್ಲಿ. ಕೀಸ್ ಅವರು ದೇಶಗಳನ್ನು ಆರಿಸಿಕೊಂಡ ರೀತಿಯ ಬಗ್ಗೆ ಆಮೇಲೆ ತುಂಬಾ ಟೀಕೆ ಬಂತು, ಅದು ನ್ಯಾಯವೇ. ಆದರೂ ರೈತ ಅನ್ನುವ ಒಂದು ಪದದ ಕೆಳಗೆ ಇಷ್ಟು ದೂರದ ಎರಡು ಬದುಕುಗಳು ಅಡಗಿರಬಹುದು ಅನ್ನುವುದನ್ನು ಆ ಟೀಕೆ ಅಳಿಸುವುದಿಲ್ಲ.

ಫಿನ್ಲೆಂಡಿನವರು ಸುಮ್ಮನೆ ಕೂರಲಿಲ್ಲ. 1972ರಲ್ಲಿ ನಾರ್ತ್ ಕರೇಲಿಯಾ ಅನ್ನುವ ಪ್ರಾಂತ್ಯದಲ್ಲಿ, ಪೆಕ್ಕ ಪುಸ್ಕ ಅನ್ನುವ ಯುವ ವೈದ್ಯರ ಮುಂದಾಳತ್ವದಲ್ಲಿ ಮನೆ ಮನೆಗೆ ಹೋಗಿ ಕೆಲಸ ಶುರು ಮಾಡಿದರು. ಬೆಣ್ಣೆ ಬದಲು ಅಡುಗೆ ಎಣ್ಣೆ, ಉಪ್ಪು ಕಡಿಮೆ, ಬಿಪಿ ತಪಾಸಣೆ, ಬೀಡಿ ಸಿಗರೇಟು ಬಿಡಿಸುವುದು. ಹಸು ಸಾಕಿ ಬದುಕುವ ಪ್ರದೇಶ ಅದು, ನಮ್ಮ ಕೋಲಾರದ ಹಾಗೇ. ಹಾಲಿನ ಕೊಬ್ಬು ಕಡಿಮೆ ಮಾಡಿ ಅಂದರೆ ರೈತನ ಹೊಟ್ಟೆ ಮೇಲೆ ಹೊಡೆದ ಹಾಗೆ ಅಲ್ವಾ? ಅದಕ್ಕೆ ಅವರು ರೈತರಿಗೆ ಬೆರ್ರಿ ಹಣ್ಣು ಬೆಳೆಯುವುದಕ್ಕೂ ಬೆಂಬಲ ಕೊಟ್ಟರು. ಮುಂದಿನ ಮೂರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಕಸುಬು ಅದೇ ಇತ್ತು, ಹವಾಮಾನ ಅದೇ ಇತ್ತು. ತಟ್ಟೆ ಬದಲಾಯಿತು, ಬಿಪಿ ನೋಡುವ ಅಭ್ಯಾಸ ಬಂತು, ಜನ ಬದುಕಿಕೊಂಡರು.

ಈಗ ಮೀನಿನ ವಿಷಯ. ಮೀನು ತಿಂದರೆ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ದೊಡ್ಡದಾಗಿ ಹಬ್ಬಿದ್ದು ಗ್ರೀನ್‌ಲ್ಯಾಂಡಿನಿಂದ. 1970ರ ದಶಕದಲ್ಲಿ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಅನ್ನುವ ಡೆನ್ಮಾರ್ಕಿನ ಇಬ್ಬರು ಅಲ್ಲಿನ ಇನ್ಯೂಟ್ ಜನರ ರಕ್ತ ಪರೀಕ್ಷೆ ಮಾಡಿದರು. ಮೀನು, ಸೀಲ್, ತಿಮಿಂಗಿಲ ತಿನ್ನುವ ಜನ, ರಕ್ತದಲ್ಲಿ ಒಮೆಗಾ-3 ಕೊಬ್ಬು ತುಂಬಾ. ಇವರಿಗೆ ಹೃದಯಾಘಾತ ಕಡಿಮೆ ಇರುವುದಕ್ಕೆ ಇದೇ ಕಾರಣ ಇರಬಹುದು ಅಂದರು. ಆಮೇಲೆ 2014ರಲ್ಲಿ ಕೆನಡಾದ ಸಂಶೋಧಕರು ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿ, ಅಲ್ಲಿ ಹೃದ್ರೋಗ ಕಡಿಮೆ ಇತ್ತು ಅನ್ನುವುದಕ್ಕೇ ಗಟ್ಟಿ ಆಧಾರ ಇಲ್ಲ ಅಂತ ಬರೆದರು. ದೂರದೂರದ ಊರುಗಳು, ಡಾಕ್ಟರ್ ಇಲ್ಲ, ಸತ್ತವರು ಯಾವುದರಿಂದ ಸತ್ತರು ಅಂತ ಬರೆದಿಡುವವರಿಲ್ಲ. ಇದನ್ನು ಓದಿದಾಗ ನನಗೆ ನಮ್ಮೂರೇ ಕಣ್ಣ ಮುಂದೆ ಬಂತು.

ಹಾಗಂತ ಮೀನನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಜಪಾನಿನ ಚೀಬಾ ಪ್ರಾಂತ್ಯದಲ್ಲಿ ಮತ್ತೆ ಒಂದು ಮೀನುಗಾರರ ಊರನ್ನೂ ಒಂದು ರೈತರ ಊರನ್ನೂ ಹೋಲಿಸಿ ನೋಡಿದರು. ಮೀನುಗಾರರು ದಿನಕ್ಕೆ ಸುಮಾರು 250 ಗ್ರಾಂ ಮೀನು ತಿನ್ನುತ್ತಿದ್ದರು, ರೈತರು ಸುಮಾರು 90 ಗ್ರಾಂ. ಮೀನುಗಾರರ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟುವುದು ಕಡಿಮೆ ಅಂತ ಕಂಡಿತು. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಗಡ್ಡೆ ಕಟ್ಟಿ ದಾರಿ ಮುಚ್ಚಿಹೋಗುವುದೇ ತಾನೆ, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ. ಆದರೆ ಒಂದು ಮಾತು ಗಮನಿಸಿ. ಅಲ್ಲಿನ ರೈತ ತಿನ್ನುತ್ತಿದ್ದ 90 ಗ್ರಾಂ ಮೀನು ಕೂಡ ನಮ್ಮ ಕಡೆ ಬಹಳ ಮನೆಗಳಿಗೆ ವಾರಕ್ಕೊಮ್ಮೆಯ ಊಟ.

ನಮಗೆ ಇನ್ನೂ ಹತ್ತಿರದ ಉದಾಹರಣೆ ತಾಂಜಾನಿಯಾದ್ದು. 1996ರಲ್ಲಿ ಅದರ ವರದಿ ಬಂತು. ನ್ಯಾಸಾ ಸರೋವರದ ದಡದಲ್ಲಿ ಮೀನು ತಿಂದು ಬದುಕುವ ಹಳ್ಳಿಯವರು ಒಂದು ಕಡೆ, ದೂರದ ಗುಡ್ಡದ ಮೇಲೆ ಬರೀ ಕಾಳು ಧಾನ್ಯ ತರಕಾರಿ ತಿನ್ನುವ ಹಳ್ಳಿಯವರು ಇನ್ನೊಂದು ಕಡೆ. ದಡದವರಲ್ಲಿ ಬಿಪಿ ಕಡಿಮೆ ಇತ್ತು, ಕೊಲೆಸ್ಟ್ರಾಲೂ ಕಡಿಮೆ ಇತ್ತು. ಇದು ನನಗೆ ಯಾಕೆ ಮುಖ್ಯ ಅಂದರೆ ಅದು ಸಿಹಿನೀರಿನ ಮೀನು. ಸಮುದ್ರದ ಬಂಗುಡೆ, ಬೂತಾಯಿ ತಿಂದರೆ ಮಾತ್ರ ಉಪಯೋಗ, ಕೆರೆ ಮೀನಲ್ಲಿ ಏನಿದೆ ಅಂತ ನಮ್ಮಲ್ಲಿ ಮೂಗು ಮುರಿಯುವವರಿದ್ದಾರೆ. ಬೂತಾಯಿಯಲ್ಲಿ ಒಮೆಗಾ-3 ಜಾಸ್ತಿ ಇರುವುದು ನಿಜ, ನಮ್ಮ ಕಾಟ್ಲಾ, ರೋಹುಗಳಲ್ಲಿ ಅಷ್ಟಿಲ್ಲ. ಆದರೂ ಕೆರೆ ಮೀನು ಒಳ್ಳೆಯ ಪ್ರೋಟೀನು. ಅದನ್ನು ಬಿಟ್ಟು ಮೆಡಿಕಲ್ ಸ್ಟೋರಿನಿಂದ ಮೀನೆಣ್ಣೆ ಗುಳಿಗೆ ತಂದು ನುಂಗುವುದರಲ್ಲಿ ಅರ್ಥ ಕಾಣುವುದಿಲ್ಲ. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು, ಒಂದರಲ್ಲಿ 15 ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರು, ಇನ್ನೊಂದರಲ್ಲಿ 25 ಸಾವಿರಕ್ಕೂ ಹೆಚ್ಚು ಜನ. ದಿನಕ್ಕೆ ಒಂದು ಗ್ರಾಮಿನ ಗುಳಿಗೆ ನುಂಗಿದವರಿಗೂ ನುಂಗದವರಿಗೂ ಹೃದಯದ ಮುಖ್ಯ ತೊಂದರೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಊಟದ ತಟ್ಟೆಗೆ ಮೀನು ಬಂದರೆ ಜೊತೆಗೆ ಇನ್ನೇನೋ ತಟ್ಟೆಯಿಂದ ಹೋಗಿರುತ್ತದೆ. ಕರಿದ ಬೋಂಡಾ ಹೋಗಿರಬಹುದು, ಎರಡನೇ ಸಲದ ಅನ್ನ ಹೋಗಿರಬಹುದು. ಗುಳಿಗೆಗೆ ಆ ಶಕ್ತಿ ಇಲ್ಲ.

ಸರಿ, ನಮ್ಮ ಕೆರೆಗೆ ಬರೋಣ.

ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಇರುವುದು ಸಾವಿರಾರು ಕೆರೆ. ಬೋರ್‌ವೆಲ್ ಸಾವಿರ, ಸಾವಿರದೈನೂರು ಅಡಿಗೆ ಇಳಿದ ಕಾಲದಲ್ಲಿ ಆ ಕೆರೆಗಳು ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದು ನಿಂತಿದ್ದವು. ನಮ್ಮೂರ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೆಸರಿಗೆ ಬೆಸ್ತರು, ಮಾಡುತ್ತಿದ್ದದ್ದು ಗಾರೆ ಕೆಲಸ, ಟೊಮೆಟೊ ಕೂಲಿ, ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕಳಿಸಿದ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ತುಂಬಿತು, ಮೀನು ಮರಿ ಬಿಟ್ಟರು, ಬಲೆಗಳು ಅಟ್ಟದಿಂದ ಇಳಿದವು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಇಲ್ಲಿನ ರೈತ ಹೋರಾಟಗಾರರು ಮೊದಲಿನಿಂದ ಕೇಳುತ್ತಿದ್ದಾರೆ, ಅದು ಇವತ್ತಿಗೂ ನ್ಯಾಯವಾದ ಬೇಡಿಕೆ. ಅದೇ ನೀರಿನ ಮೀನನ್ನು ಮಕ್ಕಳೂ ತಿನ್ನುವುದರಿಂದ ಆ ಮೀನನ್ನು ಆಗಾಗ ಲ್ಯಾಬಿಗೆ ಕಳಿಸಿ ಲೋಹದ ಅಂಶ ಎಷ್ಟಿದೆ ಅಂತ ಜನರಿಗೆ ಹೇಳಬೇಕು ಅನ್ನುವುದೂ ಅದರ ಜೊತೆಗೇ ಸೇರಬೇಕು.

ಹಾಗಾಗಿ ನಮ್ಮೂರ ಮೀನುಗಾರನನ್ನು ಉಶಿಬುಕದವನ ಜೊತೆ, ಮಲ್ಪೆಯವನ ಜೊತೆ ಹೋಲಿಸುವುದಕ್ಕೆ ಆಗುವುದಿಲ್ಲ. ಹದಿನೈದು ವರ್ಷ ಅವನು ಮೀನೇ ಹಿಡಿದಿಲ್ಲ. ಈಗ ಹಿಡಿದರೂ ತಿನ್ನುವುದು ಎಷ್ಟು? ದೊಡ್ಡ ಕಾಟ್ಲಾ ಎಲ್ಲ ಬೆಳಗ್ಗೆ ಏಳಕ್ಕೇ ಮಾರಾಟ. ಮನೆಗೆ ಹೋಗುವುದು ಸಣ್ಣ ಮೀನು, ಬಲೆಗೆ ಸಿಕ್ಕಿ ಹರಿದ ಮೀನು, ಯಾರೂ ಕೊಳ್ಳದ ಜಿಲೇಬಿ ಮೀನು. ಹುಣಸೆಹುಳಿ ಹಿಂಡಿ, ಖಾರ ಹಾಕಿ ಸಾರು, ಜೊತೆಗೆ ಮುದ್ದೆ. ಪಕ್ಕದ ಬೀದಿಯ ರೈತನ ಮನೆಯಲ್ಲೂ ಮುದ್ದೆ, ಅಲ್ಲಿ ಬಸ್ಸಾರು, ಇಲ್ಲಿ ಮೀನು ಸಾರು. ವಾರದ ಉಳಿದ ದಿನ ಇಬ್ಬರದ್ದೂ ಒಂದೇ ಊಟ: ಉಪ್ಸಾರು, ಅವರೆಕಾಳು, ಹುರುಳಿಕಾಳು, ರೇಷನ್ ಅಕ್ಕಿ ಅನ್ನ. ಮೀನಿನವನಿಗೂ ಅರ್ಧ ಎಕರೆ ಇದೆ, ರೈತನೂ ಕೆರೆ ತುಂಬಿದಾಗ ಗಾಳ ಹಾಕುತ್ತಾನೆ. ಕಸುಬಿನ ಹೆಸರು ಎರಡು, ತಟ್ಟೆ ಒಂದೇ.

ಆ ತಟ್ಟೆಯಲ್ಲಿ ನನಗೆ ಜಾಸ್ತಿ ಚಿಂತೆ ಉಪ್ಪಿನದ್ದು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುದ್ದೆ ಸಪ್ಪೆ ಇರುತ್ತದೆ, ಹಾಗಾಗಿ ಸಾರು ಉಪ್ಪು ಮುಂದಾಗಿ ಇರಲೇಬೇಕು. ಮೇಲೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ಮೀನಿನ ಮನೆಗಳಲ್ಲಿ ಇದರ ಜೊತೆ ಒಣ ಮೀನು, ನಮ್ಮ ಕಡೆ ಕರುವಾಡು ಅಂತಾರಲ್ಲ, ಅದು. ಮಳೆಗಾಲಕ್ಕೆ, ಮೀನು ಸಿಗದ ದಿನಕ್ಕೆ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಮೀನು ಅಂತ ಲೆಕ್ಕ ಹಾಕುವುದಕ್ಕಿಂತ ಉಪ್ಪು ಅಂತ ಲೆಕ್ಕ ಹಾಕುವುದು ಸರಿ. ಜಪಾನಿನವರ ಲಕ್ವದ ಕಥೆ ಇಲ್ಲಿ ಬಂದು ಸೇರುತ್ತದೆ.

ಒಂದು ಬೆಳಗ್ಗೆ ನಾನೇ ಕಂಡದ್ದು ಹೇಳುತ್ತೇನೆ. ಕೋಲಾರ ಜಿಲ್ಲೆಯಲ್ಲೇ 2024ರ ಅಕ್ಟೋಬರ್‌ನಲ್ಲಿ ಸರ್ಕಾರದ ಗೃಹ ಆರೋಗ್ಯ ಯೋಜನೆ ಮೊದಲು ಶುರುವಾಯಿತು, ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವುದು. ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಯಲ್ಲಿ ಸಿಗದವರನ್ನು ಹುಡುಕಿಕೊಂಡು ಕೆರೆ ಏರಿಗೇ ಬಂದಿದ್ದರು. ಹುಣಸೆ ಮರದ ಕೆಳಗೆ ಒಬ್ಬರು ಬಲೆಯಿಂದ ಮೀನು ಬಿಡಿಸುತ್ತಾ ಕೂತಿದ್ದರು, ಐವತ್ತಾರು ವರ್ಷ, ತೋಳು ನೋಡಿದರೆ ಕಲ್ಲು ಕಂಬ. ಮೊಣಕಾಲಿನವರೆಗೆ ಕೆಸರು, ಕೈ ತುಂಬಾ ಮೀನಿನ ಹುರುಪೆ. ಬೆಳಗಿನ ಜಾವ ನಾಲ್ಕಕ್ಕೆ ನೀರಿಗಿಳಿದವರು.

"ಮಾವ, ಎಡಗೈ ಕೊಡಿ ಇಲ್ಲಿ."

"ನಂಗೇನಾಗೈತಮ್ಮ, ಗುಂಡು ಕಲ್ಲಿನಂಗಿದೀನಿ. ಆ ತೋಟದೋರ್ಗೆ ನೋಡೋಗು."

"ಅವ್ರದ್ದೂ ನೋಡ್ತೀನಿ. ಮೊದ್ಲು ನಿಮ್ದು."

ಕೈ ತೊಳೆದುಕೊಂಡು, ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದರು. 190, 110. ಆಕೆ ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪಟ್ಟಿ ಸುತ್ತಿದರು. 186, 108. "ತಲೆ ನೋಯಲ್ವಾ ಮಾವ?" ಅಂದರು. "ಇಲ್ವಲ್ಲ" ಅಂದರು ಅವರು, ನಿಜವಾಗಿ ಆಶ್ಚರ್ಯಪಟ್ಟು. ಬಿಪಿ ಹೀಗೇ. 140, 90 ದಾಟಿದರೆ ಜಾಸ್ತಿ ಅಂತ ಲೆಕ್ಕ, ಆದರೆ ಮೈಗೆ ಏನೂ ಗೊತ್ತಾಗುವುದಿಲ್ಲ. 2023ರಲ್ಲಿ ಬಂದ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 35.5ರಷ್ಟು ಜನಕ್ಕೆ ಬಿಪಿ ಇದೆ, ಶೇಕಡಾ 11.4ರಷ್ಟು ಜನಕ್ಕೆ ಸಕ್ಕರೆ ಕಾಯಿಲೆ. ಬಿಪಿ ಅಂತೂ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ. ಆವತ್ತು ಏರಿಯ ಮೇಲೆ ನಾವು ಮೂವರಿದ್ದೆವು. ಅವರು ಕಳಿಸಿದ ಹಾಗೆಯೇ ಆಕೆ ತೋಟಕ್ಕೂ ಹೋದರು, ಅಲ್ಲಿಯೂ ಬಿಪಿ ಜಾಸ್ತಿ ಇದ್ದ ಇಬ್ಬರು ಸಿಕ್ಕರು.

ಇನ್ನು ಹೊಲದ ಕೆಲಸ. ನಮ್ಮ ತಾತ ಎರಡು ದೊಡ್ಡ ಮುದ್ದೆ ನುಂಗಿ ಮಡಕೆ ಹಿಡಿದು ಹೊರಟರೆ ಮಧ್ಯಾಹ್ನದವರೆಗೆ ಎತ್ತಿನ ಹಿಂದೆ ನಡೆಯುತ್ತಿದ್ದರು. ಆ ಮುದ್ದೆ ಅಷ್ಟೂ ಕರಗುತ್ತಿತ್ತು. ಈಗ ಉಳುವುದು ಟ್ರ್ಯಾಕ್ಟರ್, ನೀರು ಬಿಡುವುದು ಡ್ರಿಪ್, ತೋಟಕ್ಕೆ ಹೋಗುವುದು ಬೈಕಿನಲ್ಲಿ. ಮುದ್ದೆ ಮಾತ್ರ ಅದೇ ಗಾತ್ರ. ಹೊಲದ ಮೈಮುರಿಯುವ ಕೆಲಸ ಯಾರ ಪಾಲಿಗೆ ಹೋಗಿದೆ ಅಂತ ನೋಡಿದರೆ ಕಳೆ ಕೀಳುವ, ಟೊಮೆಟೊ ಬಿಡಿಸುವ ಹೆಂಗಸರ ಪಾಲಿಗೆ, ಕೂಲಿಯವರ ಪಾಲಿಗೆ. ಜಮೀನಿನ ಯಜಮಾನ ರೈತನೇ, ಆದರೆ ಅವನ ದಿನ ಮಂಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ಫೋನಿನಲ್ಲಿ ಕಳೆಯುತ್ತದೆ. ಬೊಲಿವಿಯಾದ ಸಿಮಾನೆ ಜನರ ಬಗ್ಗೆ 2017ರಲ್ಲಿ ಒಂದು ವರದಿ ಬಂತು. ಬೇಸಾಯ, ಬೇಟೆ, ಮೀನು ಮೂರನ್ನೂ ಮಾಡುವ ಕಾಡಿನ ಜನ. 40 ದಾಟಿದ 705 ಜನರ ಎದೆಯನ್ನು ಸ್ಕ್ಯಾನ್ ಮಾಡಿದರೆ ಶೇಕಡಾ 85ರಷ್ಟು ಜನರ ಹೃದಯದ ರಕ್ತನಾಳದಲ್ಲಿ ಸುಣ್ಣ, ಅಂದರೆ ನಾಳ ಕೆಡುತ್ತಿರುವ ಗುರುತು, ಕಟ್ಟಿಯೇ ಇರಲಿಲ್ಲ. ಅವರ ಊಟದಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ಬರುವುದು ಅಕ್ಕಿ, ಬಾಳೆ, ಮರಗೆಣಸು, ಮುಸುಕಿನ ಜೋಳದಿಂದಲೇ. ಆದರೆ ಅಲ್ಲಿನ ಗಂಡಸರು ದಿನಕ್ಕೆ ಆರೇಳು ಗಂಟೆ ಮೈ ಅಲುಗಿಸಿ ಕೆಲಸ ಮಾಡುತ್ತಾರೆ, ಬೀಡಿ ಸಿಗರೇಟು ತೀರಾ ಕಡಿಮೆ. ಹಾಗಾಗಿ ನನಗೆ ಮುದ್ದೆ ಮೇಲೆ ಸಿಟ್ಟಿಲ್ಲ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಗಿಂತ ಎಷ್ಟೋ ವಾಸಿ. ನಡಿಗೆ ನಿಂತ ಮೇಲೆ ಮುದ್ದೆಯನ್ನು ಅರ್ಧ ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿಕೊಳ್ಳಲಿಲ್ಲವಲ್ಲ, ಅದೇ ನನ್ನ ಕೊರಗು.

ಮನಸ್ಸಿನ ಭಾರವನ್ನು ಕೂಡ ಬಿಡುವ ಹಾಗಿಲ್ಲ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಮಾರುಕಟ್ಟೆಯಲ್ಲಿ ಬೇರೆ ವರ್ಷ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದಿದ್ದಾರೆ. ಈ ಜೂಜಿನ ಮಧ್ಯೆ ಬಡ್ಡಿ ಸಾಲ ಇಟ್ಟುಕೊಂಡು ರಾತ್ರಿ ನಿದ್ದೆ ಬರುತ್ತದಾ? ಮೀನಿನವರದ್ದೂ ಅದೇ, ಕೆರೆ ಟೆಂಡರ್ ಹಣ ಕಟ್ಟಿರುತ್ತಾರೆ, ಒಂದು ದಿನ ಬೆಳಗ್ಗೆ ನೀರು ಕೆಟ್ಟು ಮೀನು ತೇಲಿದರೆ ಮುಗಿಯಿತು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೇಳಿದ ಒಂಬತ್ತು ಕಾರಣಗಳಲ್ಲಿ ಮನಸ್ಸಿನ ಒತ್ತಡವೂ ಒಂದು. ಆ ಒಂಬತ್ತೇ ಸೇರಿ ಹೃದಯಾಘಾತದ ಅಪಾಯದ ಬಹುಪಾಲನ್ನು ವಿವರಿಸುತ್ತವೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಅಂತಲೂ ಅದೇ ಅಧ್ಯಯನದಿಂದ ತಿಳಿಯಿತು. ಬೀಡಿ, ಹೊಗೆಸೊಪ್ಪು, ಗುಟ್ಕಾ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಎರಡೂ ಬೀದಿಯಲ್ಲಿ ಇದೆ, ಚಳಿಗೆ ಅಂತ ಅವರು, ದಣಿವಿಗೆ ಅಂತ ಇವರು.

ಹಳೇ ಕಾಲದಲ್ಲಿ ಇದೆಲ್ಲ ಇರಲೇ ಇಲ್ಲ ಅನ್ನುವವರಿಗೆ ಒಂದು ಮಾತು. ಹಳೇ ಕಾಲದಲ್ಲಿ ಲೆಕ್ಕ ಇಟ್ಟವರು ಯಾರು? 2020ರ ಸರ್ಕಾರಿ ವರದಿಯ ಪ್ರಕಾರ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇಕಡಾ 22.5 ಮಾತ್ರ. ಉಳಿದವರು ಮನೆಯಲ್ಲಿ ಹೋದರು, ಹೊಲದಲ್ಲಿ ಹೋದರು. "ರಾತ್ರಿ ಮಲಗಿದೋರು ಏಳ್ಲಿಲ್ಲ", "ಎದೆ ಹಿಡ್ಕೊಂಡು ಹಂಗೇ ಕುಸಿದ್ರು", ಇಷ್ಟೇ ಊರಿನ ದಾಖಲೆ. ಇನ್ನೊಂದು ಮೋಸ ಹೋಗುವ ಜಾಗ ಇದೆ. ಕೆರೆಗೆ ಹೋಗಿ ಮೀನು ಹಿಡಿಯುವವರನ್ನು ಪರೀಕ್ಷೆ ಮಾಡಿದರೆ ಗಟ್ಟಿಮುಟ್ಟಾದವರೇ ಸಿಗುತ್ತಾರೆ, ಯಾಕೆಂದರೆ ಎದೆಯುಬ್ಬಸ ಬಂದವನು, ಲಕ್ವ ಹೊಡೆದವನು ಬಲೆ ಬಿಟ್ಟು ಮನೆ ಜಗಲಿಯ ಮೇಲೆ ಕೂತಿರುತ್ತಾನೆ. ಅವನನ್ನು ಆಗ ಯಾರೂ ಮೀನುಗಾರ ಅನ್ನುವುದಿಲ್ಲ. ಹೊಲದಲ್ಲೂ ಹೀಗೇ. ಕಸುಬು ಜನರನ್ನು ಗಟ್ಟಿ ಮಾಡಿತಾ, ಗಟ್ಟಿ ಇದ್ದವರು ಮಾತ್ರ ಕಸುಬಿನಲ್ಲಿ ಉಳಿದರಾ ಅನ್ನುವುದನ್ನು ಬೇರೆ ಮಾಡದೆ ಹೋಲಿಕೆ ಮಾಡಿದರೆ ಲೆಕ್ಕ ತಪ್ಪುತ್ತದೆ.

ಬಂಗುಡೆ ಬೂತಾಯಿ ತಿನ್ನುವ ಕರಾವಳಿಯಲ್ಲಾದರೂ ನೆಮ್ಮದಿ ಇದೆಯಾ ಅಂದರೆ ಇಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಸಿಜಿ ನೋಡಿ ತಕ್ಷಣ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದಾರೆ. ಮೀನು ಧಾರಾಳ ಇರುವ ಊರಿಗೂ ಇಸಿಜಿ ಬೇಕಾಯಿತು. ಎದೆನೋವು ಬಂದ ಆ ಹೊತ್ತಿನಲ್ಲಿ ತಿಂದ ಮೀನು, ಸುರಿಸಿದ ಬೆವರು ಯಾವುದೂ ಕೈ ಹಿಡಿಯುವುದಿಲ್ಲ. ಆಗ ಕೈ ಹಿಡಿಯುವುದು ಸಮಯ ಒಂದೇ.

ನಮ್ಮ ಚಿಕ್ಕಪ್ಪ ಹೋದದ್ದು ಹಾಗೆ. ಟೊಮೆಟೊ ಲೋಡ್ ಮಾಡಿ ಬಂದು ರಾತ್ರಿ ಹತ್ತಕ್ಕೆ ಊಟಕ್ಕೆ ಕೂತರು, ಎರಡು ತುತ್ತಿಗೇ ಎದೆ ಉರಿ ಅಂದರು. ಬೆವರು ಧಾರೆಯಾಗಿ ಇಳಿಯುತ್ತಿತ್ತು, ಎಡ ದವಡೆ ಹಿಡಿದುಕೊಳ್ಳುತ್ತಿದ್ದರು. ನಾವೆಲ್ಲ ಸೇರಿ ಗ್ಯಾಸ್ಟ್ರಿಕ್ ಅಂದೆವು. ಸೋಡಾ ಕುಡಿಸಿದೆವು, ಜೀರಿಗೆ ನೀರು ಕೊಟ್ಟೆವು, ಚಿಕ್ಕಮ್ಮ ಬೆನ್ನು ನೀವಿದರು. ಹನ್ನೊಂದೂವರೆಗೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಅಲ್ಲೂ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಲಿಲ್ಲ, ಅಲ್ಲಿ ಯಂತ್ರವೇ ಇರಲಿಲ್ಲ. ಬೆಳಗಿನ ಜಾವ ಕಾರು ಹುಡುಕಿಕೊಂಡು ಹೊರಟೆವು, ಕೋಲಾರ ಮುಟ್ಟಲಿಲ್ಲ. ಚಿಕ್ಕಪ್ಪನಿಗೆ 51. ಒಂದು ದಿನವೂ ಕೂತು ತಿಂದವರಲ್ಲ.

ಆ ರಾತ್ರಿ ಇದು ಗೊತ್ತಿದ್ದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕಳಿಸಿ, ಹೃದಯಾಘಾತ ಖಚಿತವಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದು ಸಾವಿರಾರು ರೂಪಾಯಿ. ಆದರೆ ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೇ ಅದರ ಪೂರ್ತಿ ಉಪಯೋಗ, ತಡ ಆದಷ್ಟೂ ಹೃದಯದ ಸ್ನಾಯು ಸತ್ತುಹೋಗಿರುತ್ತದೆ. ಎದೆ ಮಧ್ಯೆ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕೆಲವೊಮ್ಮೆ ನೋವೇ ಇರುವುದಿಲ್ಲ, ಬರೀ ಸುಸ್ತು, ಉಸಿರು ಕಟ್ಟುವುದು, ವಾಂತಿ. ಇಂಥದ್ದು ಕಂಡಾಗ ಗ್ಯಾಸ್ಟ್ರಿಕ್ ಇರಬಹುದೇನೋ ಅಂತ ಸೋಡಾ ಕುಡಿಸುತ್ತಾ ಕೂರದೆ ಇಸಿಜಿ ಇರುವ ಕಡೆಗೆ ಹೊರಡಬೇಕು. ಗ್ಯಾಸ್ಟ್ರಿಕ್ಕೇ ಆಗಿದ್ದರೆ ವಾಪಸ್ ಬಂದರಾಯಿತು.

ಚಿಕ್ಕಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ನಾವು ನಾಲ್ಕೈದು ಜನ ಸೇರಿ, ತೋಟದ ಬೀದಿಯವರೂ ಕೆರೆ ಬೀದಿಯವರೂ, ಹಾಲಿನ ಡೈರಿಯ ಗೋಡೆ ಮೇಲೆ ಬರೆಸಿದೆವು. ಬೆಳಗ್ಗೆ ಸಂಜೆ ಎರಡೂ ಬೀದಿಯ ಜನ ಬರುವ ಜಾಗ ಅದೊಂದೇ. ಫ್ಯಾಟಿನ ರೇಟಿನ ಪಟ್ಟಿಯ ಕೆಳಗೆ ಮೊದಲು 108. ಅದರ ಕೆಳಗೆ ರಾತ್ರಿ ಎಷ್ಟು ಹೊತ್ತಿನಲ್ಲಿ ಕರೆದರೂ ಗಾಡಿ ತೆಗೆಯುತ್ತೇನೆ ಅಂತ ಒಪ್ಪಿಕೊಂಡ ಇಬ್ಬರ ನಂಬರು. ಅದರ ಕೆಳಗೆ ಇಸಿಜಿ ಇರುವ ಆಸ್ಪತ್ರೆಗೆ 18 ಕಿಲೋಮೀಟರ್, ಗಾಡಿಯಲ್ಲಿ 35 ನಿಮಿಷ. ಗಾಡಿ ಒಪ್ಪಿಕೊಂಡ ಇಬ್ಬರಲ್ಲಿ ಒಬ್ಬರು ಆವತ್ತು ಹುಣಸೆ ಮರದ ಕೆಳಗೆ ಮೀನು ಬಿಡಿಸುತ್ತಿದ್ದವರ ಮಗ, ಮೀನು ಸಾಗಿಸುವ ಆಟೋ ಅವನದು. ಅವರ ಬಿಪಿ ಹೋದ ವಾರ 138, 86 ಇತ್ತು. ಮಾತ್ರೆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಲೆಯ ಚೀಲದಲ್ಲೇ ಇಟ್ಟುಕೊಂಡಿದ್ದಾರೆ. ಕರುವಾಡು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ, ವಾರಕ್ಕೊಂದು ದಿನಕ್ಕೆ ಇಳಿಸಿದ್ದೀನಿ ಅನ್ನುತ್ತಾರೆ.